ಸೊಪ್ಪಿನ ಪಾತಿಯ ಲೆಕ್ಕ: ಗಿಡಕ್ಕೆ ಗಿಡ ಎಷ್ಟು ದೂರ, ದಿನಕ್ಕೆ ಎಷ್ಟು ನೀರು?

ಮೆಸ್ಸಿನಲ್ಲಿ ಪಾಲಕ್ ಇದ್ದ ದಿನ ಅದನ್ನ ಬೈಯೋರೇ ಜಾಸ್ತಿ. ಆದ್ರೆ ಒಂದು ಕಟ್ಟು ಸೊಪ್ಪಿನ ಹಿಂದೆ ನಮ್ಮ ಸಿಲಬಸ್ಸಿನ ಅರ್ಧ ಇದೆ ಅಂದ್ರೆ ನಂಬ್ತೀರಾ? ಫಸ್ಟ್ ಇಯರ್ ಕೆಮಿಸ್ಟ್ರಿಯ ಬಿಯರ್-ಲ್ಯಾಂಬರ್ಟ್, ಥರ್ಮೋಡೈನಮಿಕ್ಸಿನ ಲೇಟೆಂಟ್ ಹೀಟ್, ಪಂಪಿನ ಪವರ್, ಎಲ್ಲಾ ಇದೆ.

ನಮ್ಮ ದೊಡ್ಡಪ್ಪ ಕೋಲಾರ ಜಿಲ್ಲೆಯ ಮಾಲೂರು ಕಡೆ ದಂಟು, ಪಾಲಕ್, ಕೊತ್ತಂಬರಿ ಬೆಳೀತಾರೆ. ಜಾಗ ಒಂದು ಎಕರೆ, ನೀರು ಸಾಲೋದು ಅರ್ಧ ಎಕರೆಗೆ. ಕೋಲಾರಕ್ಕೆ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಕೆರೆ ಮತ್ತೆ ಬೋರ್‌ವೆಲ್ಲೇ ಗತಿ. ಬೋರು ಸಾವಿರ ಅಡಿ ದಾಟಿದ ಊರುಗಳು ಬೇಕಾದಷ್ಟಿವೆ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರನ್ನ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ತುಂಬಿಸ್ತಿರೋದು ಅಂತರ್ಜಲ ಏರಲಿ ಅಂತಾನೇ. ದೊಡ್ಡಪ್ಪ ನನ್ನ ಕೇಳಿದ್ದು ಇಷ್ಟೇ: "ಇಂಜಿನಿಯರ್ರೇ, ಇದೇ ಬೋರಲ್ಲಿ ಇನ್ನರ್ಧ ಎಕರೆ ಆಗತ್ತಾ?"

ಮೊದಲು ಅಂತರ

ಬೀಜ ದಟ್ಟವಾಗಿ ಎರಚಿದ್ರೆ ಸೊಪ್ಪು ಜಾಸ್ತಿ ಬರತ್ತೆ ಅನ್ನೋದು ಒಂದು ಮಿತಿವರೆಗೆ ಸರಿ. 1950ರ ದಶಕದಲ್ಲಿ ಜಪಾನಿನ ಕಿರಾ, ಶಿನೊಜಾಕಿ ಮುಂತಾದ ವಿಜ್ಞಾನಿಗಳು ಈ ಸಂಬಂಧವನ್ನ ಒಂದು ಸರಳ ಸೂತ್ರಕ್ಕೆ ಇಳಿಸಿದ್ರು. ಒಂದು ಗಿಡದ ತೂಕದ ವಿಲೋಮವನ್ನ ಸಾಂದ್ರತೆಯ ಎದುರು ಪ್ಲಾಟ್ ಮಾಡಿದ್ರೆ ನೇರ ಗೆರೆ ಸಿಗತ್ತೆ. ಅಂದ್ರೆ, ಗಿಡದ ತೂಕ = 1 ÷ (ಅ + ಬ × ಸಾಂದ್ರತೆ).

ಲೆಕ್ಕಕ್ಕೆ ಅಂತ ಅ = 0.02, ಬ = 0.0005 ಇಟ್ಕೊಳ್ಳೋಣ (ಇವು ನಾನು ಉದಾಹರಣೆಗೆ ಹಾಕಿದ ಅಂಕಿಗಳು, ಯಾವ ಹೊಲದ್ದೂ ಅಲ್ಲ). ಚದರ ಮೀಟರಿಗೆ 40 ಗಿಡ ಇದ್ರೆ, ಅಂದ್ರೆ ಸಾಲಿನ ನಡುವೆ 25, ಗಿಡದ ನಡುವೆ 10 ಸೆಂ.ಮೀ. ಬಿಟ್ರೆ, ಒಂದು ಗಿಡ 25 ಗ್ರಾಂ, ಒಟ್ಟು ಒಂದು ಕೆ.ಜಿ. ಗಿಡಗಳನ್ನ 160 ಮಾಡಿ: ಒಂದೊಂದು 10 ಗ್ರಾಂ, ಒಟ್ಟು 1.6 ಕೆ.ಜಿ. ಇನ್ನೂ ಆಸೆ ಪಟ್ಟು 320 ಮಾಡಿದ್ರೆ ಒಂದು ಗಿಡ ಐದೂವರೆ ಗ್ರಾಂ, ಒಟ್ಟು ಸುಮಾರು 1.78 ಕೆ.ಜಿ. ಬೀಜ ಡಬಲ್, ಇಳುವರಿ ಬರೀ ಶೇ. 11 ಜಾಸ್ತಿ! ಗ್ರಾಫ್ ಹೋಗಿ ಹೋಗಿ 2 ಕೆ.ಜಿ.ಯ ಹತ್ತಿರ ಚಪ್ಪಟೆ ಆಗಿಬಿಡತ್ತೆ.

ಯಾಕೆ ಚಪ್ಪಟೆ? ಬೆಳಕು ಮುಗಿದುಹೋಗತ್ತೆ. ಎಲೆಗಳ ಪದರದೊಳಗೆ ಬೆಳಕು ಇಳಿಯೋದೂ ಬಿಯರ್ ನಿಯಮದ ಥರಾನೇ, ಘಾತೀಯವಾಗಿ ಕಡಿಮೆ ಆಗತ್ತೆ. ದ್ರಾವಣದ ಸಾಂದ್ರತೆಯ ಜಾಗದಲ್ಲಿ ಇಲ್ಲಿ ಎಲೆ ವಿಸ್ತೀರ್ಣ ಸೂಚ್ಯಂಕ, ಅಂದ್ರೆ ಒಂದು ಚದರ ಮೀಟರ್ ನೆಲದ ಮೇಲೆ ಎಷ್ಟು ಚದರ ಮೀಟರ್ ಎಲೆ ಇದೆ ಅನ್ನೋದು. ಗುಣಾಂಕ 0.6 ಅಂತ ತಗೊಂಡ್ರೆ, ಸೂಚ್ಯಂಕ 3 ಇದ್ದಾಗ್ಲೇ ಶೇ. 83ರಷ್ಟು ಬೆಳಕನ್ನ ಎಲೆಗಳು ಹಿಡಿದುಬಿಡ್ತವೆ. 5 ಆದ್ರೆ ಶೇ. 95. ಅದರ ಮೇಲೆ ಬರೋ ಪ್ರತಿ ಹೊಸ ಎಲೆ ಪಕ್ಕದವನ ತಟ್ಟೆಯಿಂದಾನೇ ಊಟ ಮಾಡ್ಬೇಕು.

ಇನ್ನೊಂದು ಮಜಾ ವಿಷಯ ಇದೆ. ಹಸಿರೆಲೆ ಕೆಂಪು ಬೆಳಕನ್ನ ಹೀರ್ಕೊಂಡು, ಅದಕ್ಕಿಂತ ಉದ್ದ ತರಂಗದ ದೂರ-ಕೆಂಪನ್ನ ಆಚೆ ಬಿಡತ್ತೆ. ಗಿಡದ ಫೈಟೋಕ್ರೋಮ್ ಅನ್ನೋ ಪ್ರೋಟೀನು ಈ ಎರಡರ ಅನುಪಾತ ಅಳೆದು, ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಅಂತ ತಿಳ್ಕೊಳತ್ತೆ. ಪೂರಾ ನೆರಳು ಬೀಳೋಕ್ಕೂ ಮುಂಚೆನೇ! ಆಮೇಲೆ ಗಿಡ ಎಲೆ ಬಿಟ್ಟು ಕಾಂಡ ಉದ್ದ ಮಾಡೋಕೆ ಶುರು ಮಾಡತ್ತೆ. ದಟ್ಟ ಪಾತಿಯ ದಂಟು ಸಣಕಲಾಗಿ ಎತ್ತರ ಹೋಗೋದು ಇದಕ್ಕೇ. ಎಲೆಗಳ ಮಧ್ಯೆ ಗಾಳಿ ಆಡದೆ ತೇವ ಉಳಿದ್ರೆ ಬಿಳಿ ತುಕ್ಕು, ಎಲೆಚುಕ್ಕೆ, ಬುಡ ಕೊಳೆಯೋದು ಬೇರೆ.

ಹಾಗಂತ ಒಂದೇ ಅಂತರ ಎಲ್ಲಾ ಸೊಪ್ಪಿಗೂ ಸರಿ ಅಲ್ಲ. ಬೇರುಸಮೇತ ಕಿತ್ತು ಮಾರೋ ಕೊತ್ತಂಬರಿ, ಮೆಂತ್ಯಕ್ಕೆ ಗಿಡ ಸಣ್ಣದಿದ್ರೂ ಕಟ್ಟು ಆಗತ್ತೆ, ದಟ್ಟ ಇರ್ಲಿ. ಮತ್ತೆ ಮತ್ತೆ ಕೊಯ್ಯೋ ಪಾಲಕ್ಕಿಗೆ ಜಾಗ ಬೇಕು. ದಂಟಿನಲ್ಲಂತೂ ಮೊದಲು ದಟ್ಟವಾಗಿ ಬಿತ್ತಿ, ಎಳೆಯದರಲ್ಲೇ ಕೆಲವು ಕಿತ್ತು ಮಾರಿ, ಉಳಿದದ್ದನ್ನ ದಪ್ಪ ಬೆಳೆಸೋದು ನನ್ನ ಪ್ರಕಾರ ತುಂಬಾ ಜಾಣ ಪದ್ಧತಿ. ಮೊದಲ ವಾರಗಳಲ್ಲಿ ಖಾಲಿ ಬೀಳೋ ಬಿಸಿಲೂ ದುಡ್ಡಾಗತ್ತೆ.

ಈಗ ನೀರು

ಗಿಡ ಡಬಲ್ ಆದ್ರೆ ನೀರೂ ಡಬಲ್ ಬೇಕು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಎಲೆ ನೆಲ ಮುಚ್ಚಿದ ಮೇಲೆ ಇದು ಸರಿ ಅಲ್ಲ. ಒಂದು ಕೆ.ಜಿ. ನೀರು ಆವಿ ಆಗೋಕೆ ಸುಮಾರು 2.45 ಮೆಗಾಜೂಲ್ ಬೇಕು, ಆ ಶಕ್ತಿ ಮುಖ್ಯವಾಗಿ ಬರೋದು ಸೂರ್ಯನಿಂದ. ಚದರ ಮೀಟರಿಗೆ ಬೀಳೋ ಬಿಸಿಲು ಗಿಡಗಳ ಸಂಖ್ಯೆ ನೋಡಿ ಬೀಳಲ್ಲ. 40 ಗಿಡ ಇರ್ಲಿ 160 ಇರ್ಲಿ, ನೆಲ ಮುಚ್ಚಿದ್ರೆ ಒಟ್ಟು ನೀರಿನ ಖರ್ಚು ಹೆಚ್ಚುಕಮ್ಮಿ ಒಂದೇ. ಒಂದೊಂದು ಗಿಡದ ಪಾಲು ಮಾತ್ರ ಕಮ್ಮಿ ಆಗತ್ತೆ.

ಬಿಸಿಲುಗಾಲದಲ್ಲಿ ದಿನಕ್ಕೆ 5 ಮಿ.ಮೀ. ಖರ್ಚು ಅಂತ ಇಟ್ಕೊಳ್ಳಿ. ಒಂದು ಮಿ.ಮೀ. ಅಂದ್ರೆ ಚದರ ಮೀಟರಿಗೆ ಒಂದು ಲೀಟರ್. ಎಕರೆ ಸುಮಾರು 4,000 ಚದರ ಮೀಟರ್, ಹಾಗಾಗಿ ದಿನಕ್ಕೆ 20,000 ಲೀಟರ್. ಗಂಟೆಗೆ 3,000 ಲೀಟರ್ ಕೊಡೋ ಬೋರು, ಏಳು ಗಂಟೆ ತ್ರೀ ಫೇಸ್ ಕರೆಂಟ್ ಇದ್ರೆ 21,000 ಲೀಟರ್. ಕಾಗದದ ಮೇಲೆ ಪೂರಾ ಎಕರೆ ಆಗತ್ತೆ. ಮತ್ಯಾಕೆ ಅರ್ಧ ಎಕರೆ ಖಾಲಿ?

ಉತ್ತರ ಬೇರಿನಲ್ಲಿದೆ. ಸೊಪ್ಪಿನ ಬೇರು ಆಳಕ್ಕೆ ಹೋಗಲ್ಲ, 30 ಸೆಂ.ಮೀ. ಅಂತ ತಗೊಳ್ಳಿ. ಮರಳು ಮಿಶ್ರಿತ ಕೆಂಪು ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 120 ಮಿ.ಮೀ. ನೀರು ಹಿಡಿದುಕೊಂಡ್ರೆ ಬೇರಿನ ವಲಯದಲ್ಲಿ 36 ಮಿ.ಮೀ. ಇರತ್ತೆ. ಅದರಲ್ಲಿ ಗಿಡಕ್ಕೆ ಕಷ್ಟ ಆಗದ ಹಾಗೆ ತೆಗೀಬಹುದಾದ್ದು ಎಷ್ಟು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ತಂದ ನೀರಾವರಿ ಕೈಪಿಡಿ ಪಾಲಕ್ ಜಾತಿಗೆ ಕೊಡೋ ಅಂಕಿ ಬರೀ 0.2. ಅಂದ್ರೆ 7 ಮಿ.ಮೀ. ಚಿಲ್ಲರೆ. ಒಂದೂವರೆ ದಿನದ ಖರ್ಚು, ಅಷ್ಟೇ.

ಹಾಯಿ ನೀರಿನಲ್ಲಿ 7 ಮಿ.ಮೀ. ಕೊಡೋಕೆ ಆಗೋದೇ ಇಲ್ಲ, ಪಾತಿಯ ಆ ತುದಿ ಮುಟ್ಟೋಕೇ 40 ಮಿ.ಮೀ. ಹತ್ತಿರ ಹೋಗತ್ತೆ. ನಾಲ್ಕು ದಿನಕ್ಕೊಮ್ಮೆ 40 ಅಂದ್ರೆ ದಿನಕ್ಕೆ ಸರಾಸರಿ 10, ಬೇಕಾದ್ದರ ಎರಡರಷ್ಟು. ಮೊದಲ ದಿನ ಬೇರು ಉಸಿರುಗಟ್ಟತ್ತೆ, ನಾಲ್ಕನೇ ದಿನ ಬಾಯಾರತ್ತೆ, ಮಧ್ಯೆ ಹೆಚ್ಚಿನ ನೀರು ಯೂರಿಯಾದ ನೈಟ್ರೇಟನ್ನೂ ಕರ್ಕೊಂಡು ಕೆಳಗೆ ಇಳಿಯತ್ತೆ. ಆ ಇನ್ನರ್ಧ ಎಕರೆ ಹೋಗಿರೋದು ಇಲ್ಲೇ.

ಕರೆಂಟಿನ ಲೆಕ್ಕಾನೂ ನೋಡಿ. 20,000 ಲೀಟರನ್ನ 300 ಮೀಟರ್ ಮೇಲೆತ್ತೋಕೆ 59 ಮೆಗಾಜೂಲ್, ಅಂದ್ರೆ 16 ಯೂನಿಟ್ ಚಿಲ್ಲರೆ. ಪಂಪಿನ ದಕ್ಷತೆ ಶೇ. 50 ಇದ್ರೆ 33 ಯೂನಿಟ್. ರೈತರಿಗೆ 10 ಎಚ್‌ಪಿವರೆಗೆ ಬಿಲ್ ಬರಲ್ಲ, ಅದಕ್ಕೇ ಈ ಸಂಖ್ಯೆ ಯಾರ ಕಣ್ಣಿಗೂ ಬೀಳಲ್ಲ.

ಡ್ರಿಪ್ ಹಾಕಿದ್ರೆ ಮುಗೀತಾ? ಇಲ್ಲಿ ಅಂತರ ಮತ್ತೆ ಅಡ್ಡ ಬರತ್ತೆ. ಮರಳು ಮಣ್ಣಲ್ಲಿ ನೀರು ಅಡ್ಡಕ್ಕಿಂತ ಕೆಳಕ್ಕೇ ಬೇಗ ಇಳಿಯೋದು. ಪಾತಿಗೆ ಒಂದೇ ಪೈಪ್ ಹಾಕಿದ್ರೆ ಅಂಚಿನ ಸಾಲು ಒಣಗತ್ತೆ, ಎರಡು ಹಾಕಿದ್ರೆ ಖರ್ಚು ಜಾಸ್ತಿ. ಪೈಪುಗಳ ನಡುವೆ 45 ಸೆಂ.ಮೀ., ತೂತುಗಳ ನಡುವೆ 30 ಸೆಂ.ಮೀ., ಒಂದೊಂದು ಗಂಟೆಗೆ 2 ಲೀಟರ್ ಅಂದ್ರೆ ಗಂಟೆಗೆ ಸುಮಾರು 15 ಮಿ.ಮೀ. ಬೀಳತ್ತೆ. ದಿನಕ್ಕೆ 20 ನಿಮಿಷ ಸಾಕು. ಆದ್ರೆ ಗಂಟೆಗೆ 3,000 ಲೀಟರಿನ ಬೋರು ಒಂದು ಸಲಕ್ಕೆ ಎಕರೆಯ ಇಪ್ಪತ್ತನೇ ಒಂದು ಭಾಗ ಮಾತ್ರ ನಡೆಸಬಲ್ಲದು. ಇಪ್ಪತ್ತು ಭಾಗ, 20 ನಿಮಿಷ, ಒಟ್ಟು 6 ಗಂಟೆ 40 ನಿಮಿಷ. ಅದೂ ಕರೆಂಟ್ ಮಧ್ಯರಾತ್ರಿ ಬಂದ್ರೆ ವಾಲ್ವ್ ತಿರುಗಿಸೋರು ಯಾರು? ಕೃಷಿ ಹೊಂಡ ಇರ್ಬೇಕು. ನಮ್ಮ ಭಾಷೆಯಲ್ಲಿ ಅದೊಂದು ಕೆಪಾಸಿಟರ್.

ಕೊತ್ತಂಬರಿಯಂಥ ದಟ್ಟ ಬೆಳೆಗೆ ತೂತು ಹೊಡೆದ ರೇನ್ ಪೈಪು ಅಗ್ಗ, ನೀರೂ ಸಮನಾಗಿ ಬೀಳತ್ತೆ. ಬೆಳಿಗ್ಗೆ ಬಿಡಬೇಕು, ಸಂಜೆ ಬಿಟ್ರೆ ಎಲೆ ರಾತ್ರಿಯೆಲ್ಲಾ ಒದ್ದೆ ಇದ್ದು ಶಿಲೀಂಧ್ರಕ್ಕೆ ಹಬ್ಬ.

ಪಾಲಕ್ ಕೊಯ್ದ ಮರುದಿನ ಮಾತ್ರ ಈ ಲೆಕ್ಕ ಬದಲಾಗತ್ತೆ. ಎಲೆ ಇಲ್ಲದಿದ್ದಾಗ ಖರ್ಚು ಇಳಿಯತ್ತೆ. ಅದೇ ಕೈಪಿಡಿಯ ಆರಂಭದ ಗುಣಾಂಕ 0.7 ಹಾಕಿದ್ರೆ 5ರ ಬದಲು 3.5 ಮಿ.ಮೀ., ಅಂದ್ರೆ 14 ನಿಮಿಷ. ಹೊಸ ಎಲೆ ಮತ್ತೆ ನೆಲ ಮುಚ್ಚೋವರೆಗೂ ಪ್ರತಿ ಭಾಗದಲ್ಲಿ ಆರು ನಿಮಿಷ ಉಳಿಯತ್ತೆ.