ಬಣ್ಣದ ನೀರಿನ ಶುದ್ಧೀಕರಣ: ಹೊಸ ಪೊರೆ, ಹಳೆಯ ವಿಧಾನ

ಮಿಶ್ರಣವನ್ನು ಬೇರ್ಪಡಿಸುವ ವಿದ್ಯೆ ನಮಗೆ ಹೊಸದಲ್ಲ. ಮೊರದಲ್ಲಿ ಕೇರುವುದು, ಬಟ್ಟೆಯಲ್ಲಿ ಸೋಸುವುದು, ಉಪ್ಪುನೀರನ್ನು ಬತ್ತಿಸಿ ಉಪ್ಪನ್ನು ಪಡೆಯುವುದು ಇವೆಲ್ಲವೂ ಮನೆಯಲ್ಲಿಯೇ ಕಾಣುವ ಪಾಠಗಳು. ಕಾರ್ಖಾನೆಗಳೂ ಬಹುಕಾಲ ಇವುಗಳನ್ನೇ ದೊಡ್ಡ ಪ್ರಮಾಣದಲ್ಲಿ ಅನುಸರಿಸಿದವು. ಕಳೆದ ಶತಮಾನದ ಉತ್ತರಾರ್ಧದಲ್ಲಿ ತೆಳುಪೊರೆಯ ಸೋಸುವಿಕೆಯು ಇವುಗಳ ಜೊತೆ ಸೇರಿತು. ಹೊಸದು ಬಂದುದರಿಂದ ಹಳೆಯದು ನಿರುಪಯುಕ್ತವಾಯಿತೇ? ತಿರುಪ್ಪೂರಿನ ಉದಾಹರಣೆಯಿಂದ ಇದನ್ನು ವಿಚಾರಿಸೋಣ.

ನಮ್ಮ ತಾಳವಾಡಿಯಿಂದ ದಿಂಬಂ ಘಾಟಿಯನ್ನಿಳಿದು ದಕ್ಷಿಣಕ್ಕೆ ಸಾಗಿದರೆ, ಬನಿಯನ್ ತಯಾರಿಕೆಗೆ ಹೆಸರಾದ ತಿರುಪ್ಪೂರು ಸಿಗುತ್ತದೆ. ಹತ್ತಿಬಟ್ಟೆಗೆ ಬಣ್ಣ ಹಿಡಿಯಲೆಂದು ಬಣ್ಣದ ತೊಟ್ಟಿಗೆ ಹೇರಳವಾಗಿ ಉಪ್ಪನ್ನು ಬೆರೆಸುತ್ತಾರೆ. ಬಣ್ಣದ ಬಹುಪಾಲು ಬಟ್ಟೆಗೆ ಸೇರಿದರೂ ಉಪ್ಪು ನೀರಿನಲ್ಲಿಯೇ ಉಳಿಯುತ್ತದೆ. ಈ ನೀರು ಅನೇಕ ವರ್ಷ ಕಾವೇರಿಯ ಉಪನದಿಯಾದ ನೊಯ್ಯಲ್‌ಗೆ ಹರಿಯಿತು. ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳಯಂ ಜಲಾಶಯದಲ್ಲಿ ಬಣ್ಣದ ನೀರೇ ತುಂಬಿತು; ಬಾವಿಗಳು ಉಪ್ಪಾದವು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಅಲ್ಲಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚುವಂತೆ ಆದೇಶಿಸಿತು. ಒಂದು ಹನಿಯನ್ನೂ ಹೊರಬಿಡದೆ ಶುದ್ಧೀಕರಿಸುವುದೇ ಉಳಿದ ಮಾರ್ಗವಾಯಿತು.

ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿದರೆ ಉಬ್ಬುತ್ತದೆ. ಸಿಪ್ಪೆಯ ಮೂಲಕ ನೀರು ಒಳಗಿನ ಸಿಹಿ ರಸದ ಕಡೆಗೆ ಹರಿಯುವುದೇ ಇದಕ್ಕೆ ಕಾರಣ. ಇದು ಅಭಿಸರಣೆ. ಉಪ್ಪುನೀರಿನ ಕಡೆಯಿಂದ ಬಲವಾದ ಒತ್ತಡ ಹಾಕಿದರೆ ಹರಿವು ಹಿಮ್ಮುಖವಾಗಿ, ಉಪ್ಪು ಹಿಂದುಳಿದು ಸಿಹಿನೀರು ಪೊರೆಯಾಚೆ ಬರುತ್ತದೆ. ಇದಕ್ಕೆ ತಕ್ಕ ಪೊರೆಯನ್ನು ಸುಮಾರು 1960ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ರೂಪಿಸಿದರು.

ಆದರೆ ಪೊರೆಗೆ ಎರಡು ಮಿತಿಗಳಿವೆ. ಕೊಳೆ ಕಟ್ಟಿಕೊಂಡರೆ ಅದು ಕೆಲಸ ಮಾಡದು. ಆದುದರಿಂದ ಮೊದಲು ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ಕರಗಿಸಿ, ಗಸಿಯನ್ನು ತಳಕ್ಕಿಳಿಸಿ, ಮರಳಿನಲ್ಲಿ ಸೋಸಬೇಕು. ಎರಡನೆಯದಾಗಿ, ನೀರು ಹೊರಬಂದಷ್ಟೂ ಉಳಿದ ದ್ರಾವಣ ಗಾಢವಾಗಿ, ಬೇಕಾಗುವ ಒತ್ತಡ ಏರುತ್ತ ಹೋಗುತ್ತದೆ. ಲೀಟರಿಗೆ 6 ಗ್ರಾಂ ಉಪ್ಪಿರುವ 100 ಲೀಟರ್ ನೀರಿನಿಂದ 90 ಲೀಟರ್ ತೆಗೆದೆವೆನ್ನಿ. ಉಳಿದ 10 ಲೀಟರಿನಲ್ಲಿ ಲೀಟರಿಗೆ 60 ಗ್ರಾಂ ಉಪ್ಪಿರುತ್ತದೆ. ಸಮುದ್ರದ ನೀರಿನಲ್ಲಿರುವುದು ಸುಮಾರು 35 ಗ್ರಾಂ ಮಾತ್ರ.

ಇಲ್ಲಿಂದ ಮುಂದೆ ಹಬೆಯೇ ಗತಿ. ಕುದಿಯುವ ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 540 ಕಿಲೋ ಕ್ಯಾಲೊರಿ ಶಾಖ ಬೇಕು. ನೂರು ಲೀಟರನ್ನೂ ಬತ್ತಿಸುವುದಾದರೆ 54,000 ಕಿಲೋ ಕ್ಯಾಲೊರಿ. ಪೊರೆ ಉಳಿಸಿದ ಹತ್ತು ಲೀಟರಿಗೆ 5,400 ಸಾಕು. ಒಂದು ಪಾತ್ರೆಯ ಹಬೆಯಿಂದಲೇ ಮುಂದಿನ ಪಾತ್ರೆಯನ್ನು ಕಾಯಿಸುವ ಏರ್ಪಾಡಿನಿಂದ ಇಂಧನ ಇನ್ನೂ ಉಳಿಯುತ್ತದೆ. ಬಳಸಿದ ಉಪ್ಪು ಸೋಡಿಯಂ ಸಲ್ಫೇಟ್ ಆಗಿದ್ದರೆ, ಗಾಢ ದ್ರಾವಣವನ್ನು ತಂಪುಗೊಳಿಸಿ ಹರಳುಗಟ್ಟಿಸಿ ಮತ್ತೆ ಬಣ್ಣದ ತೊಟ್ಟಿಗೇ ಹಾಕಬಹುದು. ಕೊನೆಗುಳಿಯುವ ಬೆರಕೆ ಉಪ್ಪಿಗೆ ಮಾತ್ರ ಉಪಯೋಗ ಕಡಿಮೆ. ಮಳೆನೀರು ತಾಗದಂತೆ ಅದನ್ನು ಕಾಪಾಡಿಡಬೇಕು.

ಹೀಗೆ ಪೊರೆಯ ಹಿಂದೆಯೂ ಮುಂದೆಯೂ ಹಳೆಯ ವಿಧಾನಗಳೇ ನಿಂತಿವೆ. ಪೊರೆಯಿಲ್ಲದಿದ್ದರೆ ಇಂಧನದ ವೆಚ್ಚ ತಾಳಲಾಗದು. ಹಬೆಯಿಲ್ಲದಿದ್ದರೆ ಗಾಢ ಉಪ್ಪುನೀರು ಮತ್ತೆ ನದಿಯ ಪಾಲಾಗುವುದು. ವಿದ್ಯಾರ್ಥಿಗಳು ಸೋಸುವಿಕೆ, ಬಾಷ್ಪೀಕರಣ, ಹರಳುಗಟ್ಟುವಿಕೆ ಎಂಬ ಪಾಠಗಳನ್ನು ಪರೀಕ್ಷೆಗಾಗಿ ಮಾತ್ರ ಓದದೆ, ನೊಯ್ಯಲ್ ದಡದ ರೈತನ ಬಾವಿಯನ್ನು ನೆನೆದು ಓದಲಿ. ಆಗ ಆ ಪಾಠಗಳ ಬೆಲೆ ತಿಳಿಯುತ್ತದೆ.