ಅಮೆರಿಕೆಯ ಹಳೆಯ ಭೂಮಾಪನ ದಿಕ್ಸೂಚಿಗಳು

ಭೂಮಿಯನ್ನು ಅಳೆಯುವವನಿಗೆ ದೂರವನ್ನು ತಿಳಿಯಲು ಸರಪಳಿ ಬೇಕು, ದಿಕ್ಕನ್ನು ತಿಳಿಯಲು ದಿಕ್ಸೂಚಿ ಬೇಕು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಮೂಲನಿವಾಸಿಗಳ ಕೈತಪ್ಪಿದ ಅಮೆರಿಕೆಯ ವಿಶಾಲ ಭೂಭಾಗಗಳು ವಲಸೆಗಾರರ ಹೊಲಗಳಾಗಿ ವಿಂಗಡವಾದದ್ದು ಬಹುಮಟ್ಟಿಗೆ 66 ಅಡಿಯ ಸರಪಳಿಯಿಂದಲೂ ಈ ದಿಕ್ಸೂಚಿಯಿಂದಲೂ.

ಈ ಉಪಕರಣದ ರಚನೆ ಸರಳವಾದುದು. ಹಿತ್ತಾಳೆಯ ದುಂಡು ಪೆಟ್ಟಿಗೆಯ ನಡುವೆ ಮೊನೆಯ ಮೇಲೆ ನಿಂತ ಕಾಂತಸೂಜಿ. ಎರಡು ತುದಿಗಳಲ್ಲಿ ಸೀಳುಗಂಡಿಯುಳ್ಳ ಎರಡು ನಿಲುವು ಪಟ್ಟಿಗಳು. ಹಿತ್ತಾಳೆ ದುಬಾರಿಯಾಗಿದ್ದ ಕಾಲದಲ್ಲಿ ನ್ಯೂ ಇಂಗ್ಲೆಂಡಿನ ಕುಶಲಿಗಳು ಮರದಲ್ಲಿಯೂ ಇದನ್ನು ಮಾಡಿದರು. ಇದರ ಮುಖಫಲಕದಲ್ಲಿ ಪೂರ್ವವು ಎಡಕ್ಕೂ ಪಶ್ಚಿಮವು ಬಲಕ್ಕೂ ಇರುವುದನ್ನು ಕಂಡು ವಿದ್ಯಾರ್ಥಿಗಳು ಬೆರಗಾಗುವುದು ಸಹಜ. ಆದರೆ ಅದು ಕೆತ್ತಿದವನ ಪ್ರಮಾದವಲ್ಲ. ಮಾಪಕನು ಪೂರ್ವಕ್ಕೆ ತಿರುಗಿದಾಗ ಪೆಟ್ಟಿಗೆಯೂ ತಿರುಗುತ್ತದೆ. ಸೂಜಿ ಮಾತ್ರ ಉತ್ತರಕ್ಕೇ ನಿಂತು, ಫಲಕದ ಎಡಭಾಗವನ್ನು ತೋರಿಸುತ್ತದೆ. ಅಲ್ಲಿ ಪೂರ್ವವೆಂದು ಬರೆದಿದ್ದರೆ ತಾನೇ ಓದು ಸರಿಯಾದೀತು!

ಆದರೆ ಸೂಜಿ ತೋರುವ ಉತ್ತರವು ನಿಜವಾದ ಉತ್ತರವಲ್ಲ. ಈ ಅಂತರಕ್ಕೆ ದಿಕ್ಪಾತವೆಂದು ಹೆಸರು. ಅದು ಸ್ಥಳದಿಂದ ಸ್ಥಳಕ್ಕೆ ಬೇರೆ. ಒಂದೇ ಸ್ಥಳದಲ್ಲಿಯೂ ವರ್ಷಗಳು ಕಳೆದಂತೆ ಬೇರೆ. ತಾತನ ಕಾಲದ ಪತ್ರದಲ್ಲಿ ಬರೆದ ಡಿಗ್ರಿಗಳನ್ನೇ ಹಿಡಿದು ಮೊಮ್ಮಗನು ಅಳೆದರೆ ಎಲ್ಲೆಯು ನೆರೆಯವನ ಹೊಲದಲ್ಲಿ ಬಿದ್ದೀತು. ಒಂದು ಡಿಗ್ರಿಯ ತಪ್ಪು ಒಂದು ಮೈಲಿ ಸಾಗುವಷ್ಟರಲ್ಲಿ ಸುಮಾರು 92 ಅಡಿಯಾಗುತ್ತದೆ. ಎಷ್ಟೋ ವ್ಯಾಜ್ಯಗಳ ಮೂಲ ಇಂತಹ ಅಂತರಗಳಲ್ಲಿತ್ತು.

ಆದುದರಿಂದ ಶ್ರೇಷ್ಠ ಕುಶಲಿಗಳು ಈ ಓರೆಯನ್ನು ಲೆಕ್ಕಕ್ಕೆ ತರುವ ಉಪಾಯವನ್ನು ಅರಸಿದರು. ಪೆನ್ಸಿಲ್ವೇನಿಯದ ಡೇವಿಡ್ ರಿಟನ್‌ಹೌಸ್ (1732-1796) ಗಡಿಯಾರ ಮಾಡುವವನೂ ಖಗೋಳಜ್ಞನೂ ಆಗಿದ್ದನು. 1792ರಲ್ಲಿ ಅಮೆರಿಕೆಯ ಟಂಕಸಾಲೆಯ ಮೊದಲ ನಿರ್ದೇಶಕನೂ ಆದನು. ದಿಕ್ಪಾತದಷ್ಟೇ ಫಲಕವನ್ನು ಸರಿಸಿ ನಿಲ್ಲಿಸಬಲ್ಲ ವರ್ನಿಯರ್ ದಿಕ್ಸೂಚಿಯನ್ನು ರೂಪಿಸಿದ ಕೀರ್ತಿ ಅವನಿಗೆ ಸಲ್ಲುತ್ತದೆ. ಅವನ ಸಹೋದರ ಬೆಂಜಮಿನನೂ ಇದೇ ಕಸುಬಿನವನು.

ವಿಲಿಯಂ ಆಸ್ಟಿನ್ ಬರ್ಟ್ (1792-1858) ಇನ್ನೂ ಮುಂದೆ ಹೋದನು. ಕಬ್ಬಿಣದ ಅದಿರಿರುವ ನೆಲದಲ್ಲಿ ಸೂಜಿಯನ್ನು ನಂಬುವಂತೆಯೇ ಇರಲಿಲ್ಲ. ಅವನು ಅಕ್ಷಾಂಶ, ಸೂರ್ಯನ ಕ್ರಾಂತಿ, ಹೊತ್ತು ಇವುಗಳ ಆಧಾರದಿಂದ ಸೂರ್ಯನನ್ನೇ ನೋಡಿ ಉತ್ತರವನ್ನು ಗೊತ್ತುಮಾಡುವ ಸೌರ ದಿಕ್ಸೂಚಿಗೆ 1836ರಲ್ಲಿ ಪೇಟೆಂಟ್ ಪಡೆದನು. 1844ರಲ್ಲಿ ಮಿಷಿಗನ್ನಿನ ಇಂದಿನ ನಿಗೌನಿಯ ಬಳಿ ಅವನ ತಂಡದ ಕಾಂತಸೂಜಿ ವಿಪರೀತವಾಗಿ ಓರೆಯಾಯಿತು. ಸುತ್ತಲೂ ಹುಡುಕಿದಾಗ ಕಬ್ಬಿಣದ ಅದಿರು ದೊರೆಯಿತು. ಸೂಜಿಯ ದೋಷವೇ ಸಂಪತ್ತಿನ ಸುಳಿವಾಯಿತು.

ಫಿಲಡೆಲ್ಫಿಯದ ವಿಲಿಯಂ ಯಂಗ್ 1831ರ ಸುಮಾರಿಗೆ ದುರ್ಬೀನುಳ್ಳ ಟ್ರಾನ್ಸಿಟ್ ಯಂತ್ರವನ್ನು ನಿರ್ಮಿಸಿದ ಮೇಲೆ ದಿಕ್ಸೂಚಿಯ ಪ್ರಾಧಾನ್ಯ ಕ್ರಮೇಣ ಕುಗ್ಗಿತು. ಆದರೂ ನ್ಯೂಯಾರ್ಕ್ ಪ್ರಾಂತದ ಟ್ರಾಯ್ ಪಟ್ಟಣದ ಗರ್ಲಿ ಸೋದರರು ಅವನ್ನು ಕಾರ್ಖಾನೆಯಲ್ಲಿ ಬಹುಸಂಖ್ಯೆಯಲ್ಲಿ ತಯಾರಿಸಿ, ಬಳಕೆಯ ಕೈಪಿಡಿಯನ್ನೂ ಪ್ರಕಟಿಸಿದರು.

ಹಳೆಯ ಫಲಕಗಳ ಮೇಲೆ ನಿರ್ಮಾತೃವಿನ ಹೆಸರು ಅಂದವಾಗಿ ಕೆತ್ತಿರುವುದುಂಟು. ಆ ಹೆಸರಿಗೆ ಬೆಲೆ ಬಂದದ್ದು ಉಪಕರಣವು ದೋಷರಹಿತವೆಂಬುದರಿಂದಲ್ಲ. ದೋಷವೆಷ್ಟೆಂಬುದನ್ನು ಅರಿತು ತಿದ್ದುವ ಮಾರ್ಗವನ್ನು ಅದರೊಳಗೇ ಇಟ್ಟುದರಿಂದ.