ಕೆರೆಗೆ ಮರಿ ಬಿಡುವ ಮುಂಚೆ ಬೇಟೆಮೀನುಗಳ ನಿವಾರಣೆ

ಉತ್ತರ ಅಮೆರಿಕದ ಮಿನ್ನೆಸೋಟ ಪ್ರಾಂತದ ವಿಸ್ತಾರವಾದ ಸರೋವರಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಅಲ್ಲಿಯ ಜನರು ಹಿಮಗಡ್ಡೆಯಲ್ಲಿ ರಂಧ್ರ ಕೊರೆದು, ಗಾಳವನ್ನಿಳಿಸಿ, ಪೈಕ್ ಮತ್ತು ವಾಲ್‌ಐ ಎಂಬ ಮೀನುಗಳನ್ನು ಹಿಡಿಯುವರು. ಇವೆರಡೂ ಅನ್ಯ ಮೀನುಗಳನ್ನು ನುಂಗಿ ಬದುಕುವ ಬೇಟೆಮೀನುಗಳು. ನಮ್ಮ ಕೆರೆಹೊಳೆಗಳಲ್ಲಿ ಇವುಗಳಂತೆಯೇ ಬದುಕುವವು ಕುಚ್ಚು ಮತ್ತು ಬಾಳೆಮೀನುಗಳು. ಕುಚ್ಚನ್ನು ಮರಾಠಿ ನುಡಿಯುವವರು ಮರಳ ಎನ್ನುವರು. ದೊಡ್ಡ ಸರೋವರದಲ್ಲಿ ಬೇಟೆಮೀನು ಇದ್ದರೆ ಬಾಧಕವಿಲ್ಲ. ಆದರೆ ಹಣ ಕೊಟ್ಟು ಮರಿ ತಂದು ಬಿಟ್ಟ ಊರ ಕೆರೆಯಲ್ಲಿ ಅದು ಕಣಜವನ್ನು ಹೊಕ್ಕ ಹೆಗ್ಗಣವಿದ್ದಂತೆ.

ಕಾಟ್ಲಾ, ರೋಹು, ಮೃಗಾಲ್ ಎಂಬ ಸಾಕುಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಅದಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. 1957ನೆಯ ಇಸವಿಯಲ್ಲಿ ಒರಿಸ್ಸಾದ ಅಂಗುಲದಲ್ಲಿ ಹೀರಾಲಾಲ್ ಚೌಧುರಿ ಮತ್ತು ಆಲಿಕುಂಞಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆಯಿಡಿಸಿದ ಮೇಲೆಯೇ ಮರಿಗಳು ಸುಲಭವಾಗಿ ದೊರೆಯುವಂತಾದುವು. ಕುಚ್ಚಾದರೋ ಕೆರೆಯಲ್ಲಿಯೇ ಮೊಟ್ಟೆಯಿಟ್ಟು, ತನ್ನ ಮರಿಗಳನ್ನು ತಾನೇ ಕಾಯುತ್ತದೆ. ಆದಕಾರಣ ನುಂಗಿಹೋದ ಸಾಕುಮೀನು ತಿರುಗಿ ತುಂಬಿಬರುವುದಿಲ್ಲ. ನುಂಗಿದ ಮೀನು ಮಾತ್ರ ವರ್ಷೇ ವರ್ಷೇ ಹೆಚ್ಚುತ್ತದೆ.

ನಿವಾರಣೆಗೆ ತಕ್ಕ ಕಾಲವು ನೀರಿಳಿದ ಬೇಸಗೆ. ಮೊದಲು ಬಲೆಯನ್ನು ಮೇಲಿಂದ ಮೇಲೆ ಎಳೆಯಿಸತಕ್ಕದ್ದು. ಕುಚ್ಚು ಗಾಳಿಯನ್ನು ಉಸಿರಾಡುವ ಮೀನಾದ್ದರಿಂದ ತೇವವಾದ ಕೆಸರಿನಲ್ಲಿಯೂ ಬದುಕುವುದು. ಬತ್ತುವ ಕೆರೆಯಾದರೆ ತಳವು ಬಿರುಕು ಬಿಡುವಷ್ಟು ಒಣಗಿಸಿ, ಉಳಿದ ಗುಂಡಿಗಳನ್ನು ಶೋಧಿಸಬೇಕು. ಬತ್ತದ ಸಣ್ಣ ಕೆರೆಗೆ ಹಿಪ್ಪೆಯ ಹಿಂಡಿಯನ್ನು ಉಪಯೋಗಿಸಬಹುದು. ಒಂದು ಹೆಕ್ಟೇರು ಹರವಿನಲ್ಲಿ ಒಂದು ಮೀಟರು ನೀರಿದ್ದರೆ 2,000ದಿಂದ 2,500 ಕಿಲೋಗ್ರಾಂ ಹಿಂಡಿ ಬೇಕು. ಅದನ್ನು ನೆನೆಯಿಸಿ ಎಲ್ಲ ಕಡೆಗೂ ಸಮನಾಗಿ ಎರಚತಕ್ಕದ್ದು. ಅದರ ವಿಷವು ಸುಮಾರು ಮೂರು ವಾರಗಳಲ್ಲಿ ಅಡಗಿ, ಹಿಂಡಿಯು ಕೆರೆಗೆ ಗೊಬ್ಬರವಾಗುವುದು. ಬಳಿಕ ಕೆಲವು ಮರಿಗಳನ್ನು ಬಟ್ಟೆಯ ಚೀಲದೊಳಗೆ ಅದೇ ನೀರಿನಲ್ಲಿ ಒಂದು ದಿನವಿಟ್ಟು ಪರೀಕ್ಷಿಸಬೇಕು. ಜನರೂ ದನಗಳೂ ಕುಡಿಯುವ ಕೆರೆಗೆ ಹಿಂಡಿಯನ್ನು ಹಾಕಲೇಕೂಡದು. ಅಲ್ಲಿ ಬಲೆಯೊಂದೇ ದಾರಿ.

ಖಾನಾಪುರದ ಮಳೆ ಬಲು ಬಿರುಸು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ತುಂಬಿಸುವ ಹಳ್ಳಗಳು ಉಕ್ಕಿದಾಗ, ಬೇಟೆಮೀನುಗಳು ನೀರಿನೊಡನೆ ಕೆರೆಗೆ ನುಗ್ಗುವವು. ಸಾಕಿದ ಮೀನುಗಳು ಕೋಡಿಯಿಂದ ಹೊರಬೀಳುವವು. ಆದ್ದರಿಂದ ನೀರು ಬರುವ ಬಾಯಿಗೂ ಕೋಡಿಗೂ ಜಾಳಿಗೆಯನ್ನು ಕಟ್ಟಿ, ಕಸ ಸಿಕ್ಕಿ ನೀರು ಕಟ್ಟಿಕೊಳ್ಳದಂತೆ ದಿನವೂ ತೆಗೆಯಿಸುತ್ತಿರಬೇಕು. ಮಳೆಯ ರಭಸವಿಳಿದ ಮೇಲೆ ಗೇಣರ್ಧದಷ್ಟು, ಎಂದರೆ ಸುಮಾರು 10 ಸೆಂಟಿಮೀಟರು ಉದ್ದದ ಮರಿಗಳನ್ನೇ ಬಿಡುವುದು ಲೇಸು. ಅಗ್ಗವೆಂದು ಎಳೆಯ ಮರಿಗಳನ್ನು ತಂದರೆ, ಉಳಿದಿರುವ ಒಂದೆರಡು ಕುಚ್ಚುಗಳಿಗೇ ಅವು ತುತ್ತಾಗುವವು.

ಬಲೆಯಲ್ಲಿ ಸಿಕ್ಕಿದ ಕುಚ್ಚು ನಷ್ಟದ ವಸ್ತುವಲ್ಲ. ತೇವವಾಗಿಟ್ಟರೆ ನೀರಿನಿಂದ ತೆಗೆದ ಮೇಲೆಯೂ ಅದು ಬಹಳ ಹೊತ್ತು ಜೀವದಿಂದಿರುವುದರಿಂದ ಖಾನಾಪುರದಿಂದ ಬೆಳಗಾವಿಯ ಪೇಟೆಗೆ ಜೀವಂತವಾಗಿಯೇ ಒಯ್ಯಬಹುದು. ಆ ಮಾರಾಟದ ಹಣವು ಮರಿ ಕೊಳ್ಳುವ ವೆಚ್ಚಕ್ಕೆ ನೆರವಾಗುವುದು. ಊರ ಹಿರಿಯರೂ ಭೂಮಾಲಕರೂ ಬೇಸಗೆಯಲ್ಲಿಯೇ ಒಟ್ಟುಗೂಡಿ ಬಲೆ, ಜಾಳಿಗೆ, ಕೂಲಿಗಳ ಏರ್ಪಾಡನ್ನು ಮಾಡಿಕೊಂಡು, ಆಮೇಲೆಯೇ ಮರಿಗಳಿಗೆ ಹಣ ಕಟ್ಟತಕ್ಕದ್ದು. ಕಳೆ ಕೀಳದ ಹೊಲಕ್ಕೆ ಬೀಜ ಬಿತ್ತುವ ರೈತನಿಲ್ಲ. ಕೆರೆಗೂ ಇದೇ ನ್ಯಾಯ.